ಚ ಅಕ್ಷರದ ಕೆಳಗೆ

ಜಿಲ್ಲಾ ವಿಶ್ವಕೋಶದ ಎರಡನೇ ಮುದ್ರಣಕ್ಕೆ
ತಿದ್ದಲು ನನ್ನ ಪಾಲಿಗೆ ಬಂದದ್ದು ಚ.
ಚನ್ನಗಿರಿ ಮುಗಿಯಿತು,
ಚರ್ಮ ಹದ ಮಾಡುವುದು ಇನ್ನೂ ಮುಂದಿದೆ,
ನಡುವೆ ಚಮನ್‌ಸಾಬ್, ಫುಟ್ಬಾಲ್ ತರಬೇತುದಾರ,
ದಾವಣಗೆರೆ.

ಹಿಂದಿನವರು ಬರೆದದ್ದು ಒಂದೂವರೆ ಪುಟ.
'ಅಪ್ರತಿಮ' ಎರಡು ಸಲ, 'ಅಜಾತಶತ್ರು' ಒಂದು ಸಲ.
'ಸೋಲೆಂಬುದನ್ನೇ ಅರಿಯದ' ಎಂಬುದರ ಕೆಳಗೆ
ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬಿಟ್ಟಿದ್ದಾರೆ,
ಸಂಶಯವೋ, ಮೆಚ್ಚುಗೆಯೋ.

ಮೊದಲು ವಿಶೇಷಣ ಕಿತ್ತೆ.
ಅವರೆಕಾಯಿ ಸುಲಿದ ಹಾಗೆ
ಸಿಪ್ಪೆ ರಾಶಿಯಾಯಿತು, ಕಾಳು ಒಂದು ಹಿಡಿ.

ಹುಟ್ಟಿದ ದಿನ ಮೂರು.
ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಒಂದು.
ಶಾಲೆಯ ದಾಖಲೆಯಲ್ಲಿ ಜೂನ್ ಒಂದು;
ಆ ಹೆಡ್‌ಮಾಸ್ತರ ಕಾಲದಲ್ಲಿ
ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ.
ಮೂರನೆಯದು ಮಗಳು ಮಾಬುನ್ನಿ ಹೇಳಿದ್ದು:
"ಮೊಹರಂ ಆಗಿ ಮೂರ್ ದಿನಕ್ಕಂತ್ರೀ.
ಯಾವ ವರ್ಷದ ಮೊಹರಂ ಅಂತ ನಮ್ಮಜ್ಜಿ ಹೇಳ್ಲಿಲ್ಲ."
'ಸುಮಾರು ೧೯೩೧' ಎಂದು ಬರೆದೆ.
ಸುಮಾರು ಎಂಬ ಪದಕ್ಕೆ
ಈ ಕೆಲಸದಲ್ಲಿ ನಾನು ತೀರಿಸಲಾರದಷ್ಟು ಋಣಿ.

'ರಾಜ್ಯ ತಂಡದ ಮಾಜಿ ಆಟಗಾರ.'
ಅಲ್ಲ. ಯಾವ ತಂಡದಲ್ಲೂ ಅಲ್ಲ.
ಹತ್ತೊಂಬತ್ತಕ್ಕೇ ನೂಲು ಖಾತೆಯ ಬೆಲ್ಟಿಗೆ
ಎಡಗಾಲು ಸಿಕ್ಕಿತ್ತು.
ಮೂವತ್ತು ವರ್ಷ ಆ ಮನುಷ್ಯ
ಸುಣ್ಣದ ಗೆರೆಯ ಆಚೆಯೇ ನಿಂತು
ಬೇರೆಯವರ ಕಾಲುಗಳಿಗೆ ದಾರಿ ಹೇಳಿದ.
ಸುಳ್ಳನ್ನು ತೆಗೆದ ಜಾಗದಲ್ಲಿ ಈ ಸಾಲು ಇಡಲು ಹೋದೆ.
ಚಂದವಾಗಿತ್ತು. ಅದಕ್ಕೇ ಹೊಡೆದು ಹಾಕಿದೆ.

ಸುದ್ದಿ ಹೇಗೆ ಹೋಯಿತೋ,
ಹಳೇ ಗೋಲ್‌ಕೀಪರ್ ತಿಪ್ಪೇರುದ್ರಪ್ಪ ಮನೆಗೇ ಬಂದರು,
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು:
"ನಮ್ ಮಾಸ್ತರನ್ನ ಸಣ್ಣ ಮಾಡಾಕ್ ಕುಂತೀರೇನಮ್ಮ?"
ಸೋಲರಿಯದವರು ಹೌದೇ ಎಂದು ಕೇಳಿದೆ.
ನಕ್ಕರು. ಆಮೇಲೆ ಚಪ್ಪಲಿ ಬಿಟ್ಟರು.
"ಹರಿಹರದವ್ರು ಐದು ಹೊಡುದ್ರು.
ಐದೂ ನನ್ ಕಾಲ್ ಸಂದೀಲೇ ಹೋದ್ವು.
ಮಾಸ್ತರು ಬೈಲಿಲ್ಲ. ಮಂಡಕ್ಕಿ ಭಟ್ಟಿಗೆ ಕರ್ಕೊಂಡ್ ಹೋಗಿ
ಬಿಸಿ ಮಂಡಕ್ಕಿ ಒಂದ್ ಚೀಲ ತಗಂಡು ನಮ್ ಮುಂದೆ ಸುರುವಿ,
ಐದನೇದು ಚೆನ್ನಾಗಿತ್ತು ಕಣ್ರಲೇ, ಅಂದ್ರು."
ಇದಕ್ಕೆ ಆಧಾರ?
"ನಾನೇ ತಿಂದೀನಲ್ಲಮ್ಮ."

ಪ್ರಧಾನ ಸಂಪಾದಕರ ಸೂಚನೆ ಬಂತು:
ಫುಟ್ಬಾಲ್ ಬೇಡ, ಕಾಲ್ಚೆಂಡು ಎನ್ನಿ.
ಹೈಸ್ಕೂಲ್ ಮೈದಾನದಲ್ಲಿ
ಆ ಪದ ಯಾರ ಬಾಯಲ್ಲೂ ಉರುಳಿರಲಿಲ್ಲ.
ಅವರು ತಿದ್ದಿದರು, ನಾನು ಮರಳಿ ತಿದ್ದಿದೆ,
ಕಾಗದ ತೆಳುವಾಯಿತು.

ಫೋಟೊ ಕೇಳಲು ಮಾಬುನ್ನಿಯ ಮನೆಗೆ ಎರಡನೇ ಸಲ ಹೋದಾಗ
ಆಕೆ ಕೊಟ್ಟದ್ದು ಮೇಣ ಹಚ್ಚಿದ ದಾರದ ಉಂಡೆ,
ಬಾಗಿದ ದಬ್ಬಣ.
"ರಾತ್ರಿ ಚೆಂಡು ಹೊಲಿತಿದ್ರು, ನಾನು ಕಂದೀಲು ಹಿಡೀತಿದ್ದೆ."
ಲೋಟದ ಚಹಾ ಆರುವವರೆಗೂ ಸುಮ್ಮನಿದ್ದು,
"ಬೆಳಗಿನ ನಾಕಕ್ಕೆ ನನ್ನನ್ನೂ ಎಬ್ಸೋರು.
ಮೈದಾನದಾಗ ಯಾರೂ ಇರ್ತಿರ್ಲಿಲ್ಲ.
ಹುಡುಗ್ರಿಗೆ ಕಲ್ಸಿದ್ದೆಲ್ಲ ಮೊದ್ಲು ನನಗ.
ಎಡಗಾಲಲ್ಲಿ ಹೊಡೀ, ಅನ್ನೋರು,
ಯಾವಾಗ್ಲೂ ಎಡಗಾಲು.
ಮಿಲ್ಲಿನ ಮೊದಲ ಸೈರನ್ ಕೂಗಿದ್ರೆ ಮನೆಗೆ."
ಯಾರಾದರೂ ನೋಡಿದ್ದಾರೆಯೇ?
"ಕತ್ಲಲ್ಲೇನ್ರೀ."

ಒಂದೂವರೆ ಪುಟ ಈಗ ಹನ್ನೊಂದು ಸಾಲು.
ಹುಟ್ಟು ಸುಮಾರು, ಕಾಲು ಖಚಿತ,
ಹರಿಹರದ ಐದು ಗೋಲು, ಪತ್ರಿಕೆಯ ತಾರೀಖಿನ ಸಮೇತ.
ಕೊನೆಯ ಸಾಲು, 'ಮಗಳ ಹೇಳಿಕೆಯಂತೆ' ಎಂದು ಶುರುವಾಗುವುದು,
ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಮ ನನ್ನ ಪಾಲಿನ ಅಕ್ಷರ ಅಲ್ಲ.
ಆದರೂ ಅದನ್ನು ತಿದ್ದುವವರ ಮೇಜಿನ ಮೇಲೆ
ಒಂದು ಚೀಟಿ ಇಟ್ಟು ಬಂದೆ:

ಮಾಬುನ್ನಿ.
ನೋಡಿ: ಚಮನ್‌ಸಾಬ್.