ಐವತ್ತು ಪೆನ್ನಿಯ ಕತ್ತಲು

ಗ್ರಿಮ್ಸ್‌ಬಿಯಲ್ಲಿ ನಮಗೆ ಶುಕ್ರವಾರ ಎಂದರೆ
ನಿಂಬೆಹಣ್ಣು ಉಜ್ಜಿದರೂ ಬಿಡದ
ಅಮ್ಮನ ಕೈಯ ಮೀನಿನ ವಾಸನೆ,
ಮೆಟ್ಟಿಲ ಕೆಳಗಿನ ಕರೆಂಟು ಮೀಟರಿಗೆ
ಒಂದು ಐವತ್ತು ಪೆನ್ನಿ ನಾಣ್ಯ,
ಹತ್ತೂವರೆಗೆ ಟೀವಿ.

ನಾಲ್ಕು ಸ್ಟೂಲು. ನಾಲ್ಕು ಜನ.
ಮೇಜಿನ ಹಿಂದೆ ಕೂತು ಗಂಟೆ ಒತ್ತುವವನೊಬ್ಬ.
ಕಾಗದವಿಲ್ಲ, ಬಾಯಿಪಾಠವಿಲ್ಲ,
ತೊಟ್ಟದ್ದೂ ಮನೆಯಲ್ಲಿ ಹಾಕುವಂಥ ಅಂಗಿ.
"ಒಂದು ಜಾಗ ಹೇಳಿ" ಎಂದರೆ ಯಾರೋ "ಶವಾಗಾರ!" ಎನ್ನುವರು.
ಪ್ರತಿ ವಾರವೂ ಯಾರೋ ಒಬ್ಬರು ಶವಾಗಾರ ಎಂದೇ ಕೂಗುವರು.
"ಒಂದು ಕೆಲಸ?"
"ಹಲ್ಲಿನ ಡಾಕ್ಟರು!"
ಅಷ್ಟೇ ದಿನಸಿ. ಅದರಲ್ಲೇ ಅಡುಗೆಯಾಗಬೇಕು,
ಒಲೆ ಆಗಲೇ ಉರಿಯುತ್ತಿದೆ.

ಅಮ್ಮನಿಗೆ ಅರ್ಧ ಜೋಕು ತಿಳಿಯುತ್ತಿರಲಿಲ್ಲ.
ಲಂಡನ್ನಿನವರ ಮಾತು, ಓದಿಕೊಂಡವರ ಮಾತು, ಎನ್ನುತ್ತಿದ್ದಳು.
ಅವಳು ಕಾಯುತ್ತಿದ್ದದ್ದು ಬೇರೆ:
ಆ ಉದ್ದನೆಯವನಿಗೆ ಪ್ರಾಸ ಸಿಗದೆ
ಕಣ್ಣು ಚಾವಣಿಗೆ ಹೋಗುವ ಗಳಿಗೆ.
"ನೋಡು ನೋಡು, ಮುಳುಗಿದ"
ಎಂದು ಚಹಾದ ಕಪ್ಪು ಹಿಡಿದೇ ಮುಂದೆ ಬಾಗುವಳು
ಬಂದರಿನಲ್ಲಿ ಹುಟ್ಟಿದವಳು,
ಮುಳುಗಿದವರೆಲ್ಲ ಏಳುವುದಿಲ್ಲವೆಂದು ಬಲ್ಲವಳು.
ಅವನು ಏಳುತ್ತಿದ್ದ,
ಕೈಯಲ್ಲಿ ಯಾವುದೋ ಕೆಲಸಕ್ಕೆ ಬಾರದ ಪದ ಹಿಡಿದು,
ತಲೆಯಿಂದ ನೀರು ತೊಟ್ಟಿಕ್ಕುವವನ ಹಾಗೆ,
ತನ್ನ ನಗು ತನಗೇ ತಡೆಯದೆ.

ಕೆಲ್ವಿನ್ ನಗುತ್ತಿರಲಿಲ್ಲ. ನೋಡುತ್ತಿದ್ದ,
ಬೀಗ ಬಿಚ್ಚುವವನ ಬೆರಳು ನೋಡುವ ಹಾಗೆ.
ಹನ್ನೊಂದು ವರ್ಷ. 'ಪ' ಅವನಿಗೆ
ಒಳಗಿನಿಂದ ಅಗುಳಿ ಹಾಕಿದ ಬಾಗಿಲು.
ಶಾಲೆಯಲ್ಲಿ "ಪ್ರೆಸೆಂಟ್" ಎನ್ನಲು ಆಗದೆ
ಮುಂದಿನ ಬೆಂಚಿನಲ್ಲೇ ಕೂತು ಗೈರುಹಾಜರಾದವನು.
"ಅವರಿಗೂ ಮಾತು ಸಿಕ್ಕಿಲ್ಲ ನೋಡು" ಎಂದ ಒಮ್ಮೆ ನನಗೆ,
"ಆದರೂ ಎಲ್ಲ ಕಾಯ್ತಾರೆ.
ದುಡ್ಡು ಕೊಟ್ಟು ಬಂದಿರೋ ಹಾಗೆ ಕಾಯ್ತಾರೆ."

ಫೆಬ್ರವರಿಯ ಒಂದು ಶುಕ್ರವಾರ
ಶವಾಗಾರದಲ್ಲಿ ಹಲ್ಲಿನ ಡಾಕ್ಟರು ಹೆಣದ ಬಾಯಿ ತೆರೆಸಿ
"ನೋವಾದರೆ ಕೈ ಎತ್ತಿ" ಎಂದ. ಟಪ್.
ಮೀಟರು ನಾಣ್ಯ ತಿಂದು ಮುಗಿಸಿತ್ತು.
ಪರದೆಯ ನಡುವೆ ಒಂದು ಬಿಳಿ ಚುಕ್ಕಿ. ಅದೂ ಹೋಯಿತು.

"ಅಯ್ಯೋ, ಹೆಣ ಏನಂತೋ!"
ಪಕ್ಕದ ಮನೆಯ ಮಿಸೆಸ್ ಹೋಲ್‌ರಾಯ್ಡ್ ಗೋಳಿಟ್ಟಳು.
ಅಮ್ಮ ಪರ್ಸು ತಡಕುವ ಸದ್ದು.
ಆಗ ಕಲ್ಲಿದ್ದಲ ಬುಟ್ಟಿಯ ಕಡೆಯಿಂದ
ಸತ್ತು ಮೂರು ದಿನವಾದವನ ದನಿ:
"ಡಾಕ್ಟ್ರೇ, ಹಲ್ಲು ಹಾಳಾಗಲಿ, ನನ್ನ ಪ... ಪ... ಪ..."

ಕಾದೆವು.
ಪರ್ಸು ಸುಮ್ಮನಾಯಿತು.
ಮಿಸೆಸ್ ಹೋಲ್‌ರಾಯ್ಡಳ ಉಬ್ಬಸ ಕೂಡ ನಿಂತು ಕೇಳಿತು.
ಹೊರಗೆ ಮಂಜುಗಡ್ಡೆಯ ಲಾರಿಯೊಂದು ಪೂರ್ತಿ ಹಾದುಹೋಯಿತು.
ಏನು ಬೇಕಾದರೂ ಆಗಬಹುದಿತ್ತು ಅದು:
ಪಾದ್ರಿ, ಪಿಯಾನೊ, ಪೆಂಗ್ವಿನ್, ಪಾಪ.
ಲೋಕದ ಪ-ಗಳೆಲ್ಲ ಹೊಸ್ತಿಲಲ್ಲಿ ನೂಕಾಡುತ್ತಿದ್ದವು.

"...ಪ್ಯಾಂಟು ಎಲ್ಲಿ?"

ಅವನ ತೊದಲಿಗೆ ನಗುವ ನಗು ನಮಗೆ ಗೊತ್ತಿತ್ತು,
ಬಸ್‌ಸ್ಟಾಪಿನಲ್ಲಿ ಕೇಳಿದ್ದೆವು.
ಇದು ಅದಲ್ಲ. ನಾವು ನಕ್ಕದ್ದು ಪ್ಯಾಂಟಿಗೆ.
ಮಿಸೆಸ್ ಹೋಲ್‌ರಾಯ್ಡ್ ಸೋಫಾದಿಂದ ಜಾರಿ ಕೂತದ್ದು
ಕಾಣದಿದ್ದರೂ ಕೇಳಿಸಿತು.
ನಾನು ಡಾಕ್ಟರಾದೆ. ಅಮ್ಮ, ಯಾರೂ ಹೇಳದೆಯೇ,
ಪ್ಯಾಂಟು ಕದ್ದ ನರ್ಸು.
ಕೈಕಾಲು ಮರಗಟ್ಟುವವರೆಗೆ ಆಡಿದೆವು
ದೀಪ ಬೇಡದ ಆಟವನ್ನು.

ಕೆಲ್ವಿನ್ ಈಗ ಕ್ಲೀಥೋರ್ಪ್ಸ್ ಬಸ್ಸಿನ ಡ್ರೈವರು.
ಪ-ದ ಬಳಿ ಈಗಲೂ ನಿಲ್ಲುತ್ತಾನೆ,
ನಿಂತಾಗ ಹುಬ್ಬು ಏರಿಸುತ್ತಾನೆ, ಬರುತ್ತೆ ತಡೀರಿ ಎಂಬಂತೆ.
ಟೀವಿಯ ಆ ನಾಲ್ವರ ಜೋಕು
ಒಂದಾದರೂ ನೆನಪಿದೆಯೇ ಎಂದರೆ, ಇಲ್ಲ.

ಆದರೆ ಮರುದಿನ ಬೆಳಗ್ಗೆ
ಹಾಲಿನವನಿಗೆ ಅಮ್ಮ ಐವತ್ತು ಪೆನ್ನಿ ಕೊಟ್ಟದ್ದು ನೆನಪಿದೆ.
"ರಾತ್ರಿ ಇತ್ತಾ ಇದು, ಪರ್ಸಿನಲ್ಲಿ?" ಎಂದೆ.
ಅಮ್ಮ ಕಣ್ಣನ್ನು ಚಾವಣಿಗೆ ಎತ್ತಿದಳು,
ಥೇಟ್ ಆ ಉದ್ದನೆಯವನ ಹಾಗೆ,
ಬಹಳ ಹೊತ್ತು ಹುಡುಕಿದಳು.