ಸೋರುವ ಮಡಿಕೆ

ಎರಡು ದಿನ ಡ್ಯೂಟಿ, ಒಂದು ದಿನ ರಜೆ.
ಶಿವಮೊಗ್ಗ, ಹೊಸನಗರ, ನಗರ. ರಾತ್ರಿ ಹಾಲ್ಟ್.
ನಾನು ಅಲ್ಲಿ ಟಿಕೆಟ್ ಹರಿಯುವ ಹೊತ್ತಿಗೆ
ಇಲ್ಲಿ ಗೋಪಾಳದ ತಾರಸಿಯ ಮೇಲೆ
ಪೇಂಟಿನ ಏಳು ಡಬ್ಬಿ, ಸೀಳಿದ ಎರಡು ಬಕೆಟ್ಟು
ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು ಕೂತಿರುತ್ತವೆ.

ಕೆಳಗಿನ ಮನೆಯ ತಿಪ್ಪೇಶಪ್ಪನವರಿಗೆ ಹೇಳಿದರೆ
ಹಾಕುತ್ತಾರೆ ನೀರು, ಹಾಕುವುದಿಲ್ಲವೆಂದಲ್ಲ.
ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು,
ಕೊಟ್ಟರೆ ಪೂರಾ ಕೊಡುತ್ತಾರೆ,
ಇಲ್ಲವೋ ಪೂರಾ ಕಟ್.

ಮೊದಲು ಮಾಡಿದ್ದು ಬಾಟಲಿಯದು.
ಎರಡು ಲೀಟರಿನದು (ಬಸ್ಸಿನ ಸೀಟಿನಡಿ
ಇದಕ್ಕೇನು ಬರವೇ?)
ಮುಚ್ಚಳಕ್ಕೆ ಕಾದ ಮೊಳೆಯಿಂದ ತೂತು ಹೊಡೆದು
ತಲೆಕೆಳಗಾಗಿ ಮಣ್ಣಿಗೆ ಊರಿದೆ.
ನಾನು ಹೊಸನಗರ ದಾಟುವ ಮೊದಲೇ ಅದು ಖಾಲಿ.
ನೀರು ತಾರಸಿ ದಾಟಿ, ಕೊಳವೆ ಇಳಿದು
ಅಂಗಳದಲ್ಲಿ ಅವರ ಮನೆಯಾಕೆ ಹರವಿದ್ದ
ಅಕ್ಕಿ ಸಂಡಿಗೆಯ ಮೇಲೆ.
ವಾಪಸು ಬಂದಾಗ ಆಕೆ ಅಂದದ್ದು ಇಷ್ಟೇ:
"ನಿಮ್ಮ ಗಿಡಕ್ಕೊಂದು ಲಂಗೋಟಿ ಕಟ್ಸಿ, ಕಂಡಕ್ಟ್ರೇ."

ಆಮೇಲೆ ಬತ್ತಿ.
ಒಂದು ತುದಿ ನೀರಲ್ಲಿ, ಇನ್ನೊಂದು ಬೇರಿನ ಬಳಿ.
ಖಾಕಿ ಯೂನಿಫಾರ್ಮಿನ ಚೂರು ಇಳಿಬಿಟ್ಟೆ:
ಟೆರಿಕಾಟು, ತುಟಿಯನ್ನೂ ಒದ್ದೆ ಮಾಡಿಕೊಳ್ಳಲಿಲ್ಲ.
ಶೂ ಲೇಸು ಅರ್ಧ ದಾರಿಗೇ ಇಳಿದುಕೊಂಡಿತು.
ಸ್ಟವ್ವಿನ ಹಳೆ ಬತ್ತಿ ಏರಿತು ನಿಜ,
ದೊಡ್ಡಪತ್ರೆ ತಂಬುಳಿಗೆ ಸೀಮೆಎಣ್ಣೆ ವಾಸನೆ.
ಅಪ್ಪನ ಪಂಚೆಯ ಅಂಚು ಮಾತ್ರ
ಗಂಟೆಯೊಳಗೆ ಒಂದು ಗೇಣು ಏರಿ ನಿಂತಿತು.
ಎಂಟು ದಿನ. ಆಮೇಲೆ ಅದಕ್ಕೂ ಪಾಚಿ.

ಡಿಪೋದ ಮೆಕ್ಯಾನಿಕ್ ಇಮಾಮ್‌ಸಾಬ್, ಗ್ರೀಸು ಒರೆಸಿಕೊಳ್ಳುತ್ತ:
"ಮಣ್ಣಿಗೆ ಮಣ್ಣೇ ಸರಿ. ನಮ್ಮಜ್ಜಿ ಮಡಿಕೆ ಹೂಳ್ತಿದ್ರು."

ಗಾಂಧಿ ಬಜಾರಿನ ಆಚೆ, ಚೌಡಮ್ಮನ ಅಂಗಡಿ.
"ಸೋರೋ ಮಡಿಕೆ ಇದೆಯಾ?"
ಆಕೆಯ ಕೈ ನಿಂತಿತು. "ಏನಂದ್ರಿ?"
"ಸೋರಬೇಕು. ಜೋರಾಗಲ್ಲ. ಬೆವರಿದ ಹಾಗೆ."

ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು,
ಠಣ್ ಅಂದರೆ ಮಾತ್ರ ಕಾಸು ಬಿಚ್ಚುವವರನ್ನು
ನಲವತ್ತು ವರ್ಷ ಕಂಡವಳು.
ನನ್ನ ಮುಖ ನೋಡಿದಳು, ಹೆಗಲ ಚೀಲ ನೋಡಿದಳು,
ಗೇಲಿಗೆ ಬಂದವಳಲ್ಲ ಅಂತ ಖಾತ್ರಿಯಾದ ಮೇಲೆ
ಹಿತ್ತಲಿಗೆ ಕರೆದಳು.

ಅಲ್ಲಿ, ಆವಿಗೆಯ ಅಂಚಿಗೆ ಸಿಕ್ಕಿ
ಸರಿಯಾಗಿ ಬೇಯದೆ ಉಳಿದವುಗಳ ರಾಶಿ.
ತಟ್ಟಿದರೆ ಠಣ್ ಇಲ್ಲ. ದಪ್.
ಒಂದನ್ನೆತ್ತಿ ನಾಲಿಗೆ ತುದಿ ತಾಗಿಸಿದಳು.
ಅಂಟಿತು.
"ಇದು ನೀರು ಬಿಡುತ್ತೆ." ಇನ್ನೊಂದನ್ನೆತ್ತಿ,
"ಇದು ಬೇಡ, ತಾನೇ ಕರಗಿ ಹೋಗುತ್ತೆ."
ಹಾಗೆ ರುಚಿ ನೋಡಿ ನೋಡಿ ಮೂರು ಆರಿಸಿದಳು.
ದುಡ್ಡು ಹೇಳಲು ನಾಚಿದಳು;
ನಾನು ಯಾರನ್ನೂ ಪುಕ್ಕಟೆ ಒಯ್ಯುವವಳಲ್ಲ,
ತಲೆಗೆ ಮೂವತ್ತರಂತೆ ಎಣಿಸಿ ಕೊಟ್ಟೆ.

ಕತ್ತಿನವರೆಗೆ ಹೂತೆ. ನೀರು ತುಂಬಿದೆ.
ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿ ಬಸ್ಸು ಹತ್ತಿದೆ.

ನಗರದಲ್ಲಿ ಪಂಚಾಯ್ತಿ ಕೊಟ್ಟ ಕೋಣೆ.
ಹೊರಗೆ ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತದೆ.
ಕಣ್ಣು ಮುಚ್ಚಿದರೆ ಅದೇ:
ಕತ್ತಲಲ್ಲಿ, ಯಾರ ಕೈಯೂ ಇಲ್ಲದೆ,
ಮಣ್ಣು ಒಣಗಿದಷ್ಟೇ ಕೇಳುತ್ತಿರಬೇಕು.
ಕೇಳಿದಷ್ಟೇ ಮಡಿಕೆ ಕೊಡುತ್ತಿರಬೇಕು.
ಇರಬೇಕು ಅಂದುಕೊಂಡು ಮಗ್ಗುಲಾದೆ,
ಇಲ್ಲದಿದ್ದರೆ ಸಂಡಿಗೆ ಅಂದುಕೊಂಡು ಎದ್ದು ಕೂತೆ.

ಮೂರನೆಯ ದಿನ ಚೀಲ ಇಳಿಸದೆ ತಾರಸಿ ಹತ್ತಿದೆ.
ಕರಿಬೇವು ಹೋಗಿತ್ತು, ಅದಕ್ಕೆ ಮಡಿಕೆ ಸಾಲದಾಗಿತ್ತು.
ಬದನೆ ನಿಂತಿತ್ತು. ಕನಕಾಂಬರ ನಿಂತಿತ್ತು.
ಪೊದೆಮೆಣಸು ನನ್ನ ಕಡೆ ನೋಡಲೂ ಇಲ್ಲ.
ಚಿಪ್ಪು ಸರಿಸಿ ಕೈ ಇಳಿಬಿಟ್ಟೆ:
ನಾಲ್ಕು ಬೆರಳು ಕಮ್ಮಿ.
ಪೆನ್ನು ತೆಗೆದು ಡಬ್ಬಿಯ ಮೈಮೇಲೆ ಬರೆದೆ
ಹತ್ತಿದ್ದೆಷ್ಟು, ಇಳಿದದ್ದೆಷ್ಟು.
ಹನ್ನೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಸಲ
ಚಿಲ್ಲರೆಗೆ ಯಾರೂ ಜಗಳ ತೆಗೆಯಲಿಲ್ಲ.

ಕೆಳಗೆ ಅಂಗಳದಲ್ಲಿ
ಸಂಡಿಗೆ ಗರಿಗರಿಯಾಗಿ ಒಣಗುತ್ತಿತ್ತು.