ಇಪ್ಪತ್ತೆರಡು ಸೆಂಟಿಮೀಟರ್

ಹಿಯುಮಾ ದ್ವೀಪದ ಗ್ರಂಥಾಲಯ. ಗುರುವಾರ ಸಂಜೆ.
ನಾವು ಆರು ಜನ. ಕಲಿಸುವವಳು ಉರ್ವೆ,
ಇಪ್ಪತ್ತು ಚಳಿಗಾಲ ಹೆಪ್ಪುಗಟ್ಟಿದ ಕಡಲಿಗೆ
ಬೈರಿಗೆ ಇಳಿಸಿ, ಮೇಲಿನ ರಸ್ತೆಯ ದಪ್ಪ ಅಳೆದವಳು.
ಇಪ್ಪತ್ತೆರಡು ಸೆಂಟಿಮೀಟರ್ ಇದ್ದರೆ ಕಾರು ಬಿಡಬಹುದು.
ಇಪ್ಪತ್ತೊಂದಿದ್ದರೆ ಮದುವೆಯ ದಿಬ್ಬಣವಾದರೂ ವಾಪಸ್ಸು.

ಮೊದಲ ಪಾಠ: "ಬೆಲ್ಟು ಬಿಚ್ಚಿ."
ಕುರ್ಚಿಯಲ್ಲಿದ್ದ ನಾವು ಸೊಂಟ ಮುಟ್ಟಿ ನೋಡಿಕೊಂಡೆವು.
"ನೆಲದ ಮೇಲೆ ಕಾಪಾಡಿದ್ದೇ
ನೀರಿನಡಿ ಕಟ್ಟಿಹಾಕುತ್ತದೆ. ಪ್ರಾಸವೂ ಅಷ್ಟೇ."

ಹೆಲ್ದುರ್ ಓದಿದ. ದೋಣಿ ರಿಪೇರಿಯವನು, ಅರವತ್ತು ದಾಟಿದೆ.
ಹಿಮ ಬಿಳಿ, ಅಮ್ಮನ ತಲೆ ಬಿಳಿ, ಹಾಸಿಗೆ ಬಿಳಿ,
ಆಸ್ಪತ್ರೆ ಕಿಟಕಿಯಾಚೆ ಹಂಸ, ಅದೂ ಬಿಳಿ.
ಚೆನ್ನಾಗಿತ್ತು. ಮೈಮು ಮೂಗು ಒರೆಸಿಕೊಂಡಳು.
ಉರ್ವೆ ಬೆರಳ ಗೆಣ್ಣಿನಿಂದ ಹಾಳೆ ತಟ್ಟಿ ಆಲಿಸಿದಳು,
ಕಲ್ಲಂಗಡಿ ಕೊಳ್ಳುವವರ ಹಾಗೆ.
"ಗಟ್ಟಿ. ಲಾರಿಯೇ ಹೋಗಬಹುದು.
ಬಿರುಕು ಎಲ್ಲಿ ಮುಚ್ಚಿಟ್ಟೆ?"

ಅವನು ಟೋಪಿ ತಿರುವಿದ. ರೇಡಿಯೇಟರ್ ಗುಳುಗುಳು ಅಂತು.
ಮುಚ್ಚಿಟ್ಟಿಲ್ಲ, ಅಂದ. ಟೋಪಿ ಇನ್ನೊಂದು ಸುತ್ತು.
ಆಮೇಲೆ, ನೆಲಕ್ಕೆ ಹೇಳುವಂತೆ:
"ಕೊನೆಕೊನೆಗೆ ನಾನು ಯಾರೆಂದೇ ತಿಳಿಯುತ್ತಿರಲಿಲ್ಲ.
ಎಂದೋ ಸತ್ತ ನಾಯಿಯ ಹೆಸರು ಹಿಡಿದು ಕೂಗುತ್ತಿದ್ದಳು, ಮುರಿ ಅಂತ."

"ಆಗ ನೀನು?"

"ಹೋಗುತ್ತಿದ್ದೆ."

ಯಾರೂ ಕದಲಲಿಲ್ಲ.
ಪೆನ್ಸಿಲಿನ ಒಂದು ಗೀರಿಗೆ ಉರ್ವೆ
ಹಂಸವನ್ನು ಹಾರಿಸಿಬಿಟ್ಟಳು. ಹಾಸಿಗೆ ಉಳಿಯಿತು.
ನಾಯಿಯ ಹೆಸರು ಸಾಲಿನ ಅಂಚಿಗೆ ಬಂದು ನಿಂತಿತು: ಮುರಿ.
ಕೆಳಗೆ ಮೂರು ಸಾಲು ಖಾಲಿ.
ಆಚೆಗೆ, ದಡದ ಹಾಗೆ, ಅವನ ಒಂದೇ ಮಾತು.
ಅಷ್ಟಗಲ ಬಿಳಿಯನ್ನು ಈಗ ನಾವೇ ದಾಟಬೇಕಿತ್ತು.

ಹೊರಡುವಾಗ ಕೇಳಿದೆ: ಎಷ್ಟು ವೇಗ ಸರಿ?
"ಇಪ್ಪತ್ತೈದರ ಕೆಳಗೆ ಕ್ಷೇಮ. ನಲವತ್ತರ ಮೇಲೂ ಕ್ಷೇಮ.
ನಡುವೆ ಹೋದೆಯೋ, ಗಡ್ಡೆಯಡಿ ಅಲೆಯೊಂದು ಎದ್ದು
ಗಾಡಿಯ ಜೊತೆಜೊತೆಗೇ ಬರುತ್ತದೆ, ಒಡೆಯುವ ತನಕ.
ರಸ್ತೆಯಲ್ಲಿ ಬೇಡ." ಕೈಗವಸು ಎಳೆದುಕೊಂಡಳು.
"ಬರೆಯುವಾಗ ಮೂವತ್ತರಲ್ಲೇ ಹೋಗು."

ಈ ವರ್ಷ ಕಡಲು ಹೆಪ್ಪುಗಟ್ಟಲೇ ಇಲ್ಲ.
ಅವಳ ಬೈರಿಗೆ ಬಾಗಿಲ ಬಳಿ ಛತ್ರಿಗಳ ನಡುವೆ ಒರಗಿದೆ.
ಬರುವ ಗುರುವಾರ ನನ್ನ ಸರದಿ:
ಅಪ್ಪನಿಗೊಂದು ಚರಮಗೀತೆ, ಹದಿನಾಲ್ಕು ಸಾಲು,
ಎಲ್ಲಿ ತಟ್ಟಿದರೂ ಗಟ್ಟಿ.
ಅಪ್ಪ ತಾಲಿನ್ನಿನಲ್ಲಿ ಇನ್ನೂ ಬದುಕಿದ್ದಾನೆ.
ಅದನ್ನು ಬರೆದಿಲ್ಲ.